ಹೆಸರು ಹಾಕಬ್ಯಾಡ್ರಿ

ಹಿರೇಕೆರೂರು
18 ಅಕ್ಟೋಬರ್ 2023

ಪ್ರೀತಿಯ ಸಾವಿತ್ರಿ,

ಅಕ್ಷರ ನೋಡಿಯೇ ಯಾರೆಂದು ಗೊತ್ತಾಗಿರಬೇಕು. ಏಳನೆಯ ಇಯತ್ತೆಯಲ್ಲಿ ನಿನ್ನ ಕಾಪಿ ಪುಸ್ತಕ ತಿದ್ದುತ್ತಿದ್ದ ಅಕ್ಷರವೇ. ಈಗ ಸ್ವಲ್ಪ ನಡುಗುತ್ತದೆ, ಅಷ್ಟೆ. ನಾನು ನೀಲಾಂಬಿಕಾ ಅಕ್ಕೋರು.

ವಿಳಾಸ ಕೊಟ್ಟವಳು ನಿಮ್ಮ ಚಿಕ್ಕವ್ವ ಕೆಂಚವ್ವ. ನೀನು ಅಕ್ಕಿಆಲೂರು ಸೇರಿ ಹದಿನಾಲ್ಕು ವರ್ಷವಾಯಿತಂತೆ. ಗಂಡ ಮಲ್ಲೇಶಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಾನೆ, ನೀನು ಮನೆಯಲ್ಲೇ ರೊಟ್ಟಿ ಬಡಿದು ಖಾನಾವಳಿಗೆ, ಮದುವೆ ಮನೆಗಳಿಗೆ ಕೊಡುತ್ತೀ, ಮಗಳು ಅಂಕಿತಾ ಹಾನಗಲ್ಲಿನ ಕಾಲೇಜಿಗೆ ಹೋಗುತ್ತಾಳೆ ಎಂದೆಲ್ಲ ಓಣಿಯ ಹುಡುಗನ ಕೈಯಲ್ಲಿ ಬರೆಸಿ ಕಳಿಸಿದಳು. ಓದಿ ಹೊಟ್ಟೆ ತಣ್ಣಗಾಯಿತು.

ಫೋನ್ ಮಾಡಬಾರದೇ ಎಂದುಕೊಂಡೀಯಾ. ನಿವೃತ್ತಿಯಾದ ಮೇಲೆ ನನ್ನ ಎರಡೂ ಕಿವಿ ಹೋದವು. ಎದುರಿಗೆ ನಿಂತು ಕೂಗಿದರೂ ಅರ್ಧ ತಿಳಿಯುವುದಿಲ್ಲ. ಮೊಬೈಲಿನ ಸಣ್ಣ ಅಕ್ಷರ ಕಣ್ಣಿಗೆ ಹತ್ತುವುದಿಲ್ಲ. ಕಾಗದ ಇನ್ನೂ ನನ್ನ ಕೈಬಿಟ್ಟಿಲ್ಲ.

ವಿಷಯಕ್ಕೆ ಬರುತ್ತೇನೆ. ಜನವರಿ 6 ಮತ್ತು 7ರಂದು ಶಿಗ್ಗಾವಿಯಲ್ಲಿ ನಾವು ಕೆಲವರು ಸೇರಿ ಒಂದು ಕಲಾ ಉತ್ಸವ ಮಾಡುತ್ತಿದ್ದೇವೆ. ಇಷ್ಟು ದಿನ ವೇದಿಕೆಯ ಕೆಳಗೆ ನಿಂತವರೇ ಈ ಸಲ ಮೇಲೆ ಬರಬೇಕು ಎಂಬುದು ನಮ್ಮ ಆಸೆ. ಸವಣೂರಿನ ಖಾದರಸಾಬರ ಮೇಳದವರು ಮೊಹರಮ್ಮಿನ ಪದ ಹಾಡುತ್ತಾರೆ. ತಾಂಡಾದ ಹೆಣ್ಣುಮಕ್ಕಳು ಕುಣಿಯುತ್ತಾರೆ. ನಿಮ್ಮ ಕೇರಿಯ ಐದು ಹೆಣ್ಣುಮಕ್ಕಳು ಹಲಗೆ ಬಾರಿಸಲು ಒಪ್ಪಿದ್ದಾರೆ. ಆದರೆ ಮುಂದೆ ನಿಂತು ನಡೆಸುವವರು ಯಾರು? ಕೆಂಚವ್ವ ಒಂದೇ ಮಾತು ಬರೆಸಿದಳು: "ನಮ್ಮ ಭರಮಪ್ಪನ ಕೈ ಇದ್ದಾಕಿ ಸಾವಿತ್ರಿ ಒಬ್ಬಾಕೇ ರೀ."

ಶಾಲೆಯ ಗ್ಯಾದರಿಂಗಿನಲ್ಲಿ ನಿಮ್ಮಪ್ಪನ ಹಲಗೆ ಕೊರಳಿಗೆ ಹಾಕಿಕೊಂಡು ನೀನು ಬಾರಿಸಿದ್ದು ನನಗೆ ಇನ್ನೂ ಕೇಳುತ್ತದೆ, ಈ ಕಿವಿಯಲ್ಲೂ. ಬರುತ್ತೀಯಲ್ಲ?

ನಿನ್ನ
ನೀಲಾಂಬಿಕಾ ಅಕ್ಕೋರು


ಅಕ್ಕಿಆಲೂರು
6 ನವೆಂಬರ್ 2023

ಅಕ್ಕೋರಿಗೆ ಸಾವಿತ್ರಿಯ ನಮಸ್ಕಾರಗಳು.

ಕಾಗದ ಮುಟ್ಟಿತು. ಮೂರು ಸಲ ಓದಿದೆ. ನನ್ನನ್ನು ನೆನಪಿಟ್ಟಿದ್ದೀರಿ ಎಂಬುದೇ ದೊಡ್ಡದು.

ಆದರೆ ನನ್ನಿಂದ ಆಗುವುದಿಲ್ಲ ಅಕ್ಕೋರ. ಕೈ ಮರೆತುಹೋಗಿದೆ. ಹಲಗೆ ಮುಟ್ಟಿ ಎಷ್ಟು ವರ್ಷವಾಯಿತೋ. ಮೇಲಾಗಿ ಈ ಹಂಗಾಮಿನಲ್ಲಿ ಮದುವೆಗಳು ಜಾಸ್ತಿ. ದಿನಾ ನಸುಕಿನಿಂದ ಒಲೆಯ ಮುಂದೆಯೇ ಇರಬೇಕಾಗುತ್ತದೆ. ಇವರಿಗೆ ಗಿರಣಿಯಲ್ಲಿ ರಜೆ ಸಿಗುವುದಿಲ್ಲ. ಅಂಕಿತಾಳ ಪರೀಕ್ಷೆಯೂ ಹತ್ತಿರ ಬಂತು.

ನನ್ನ ಬದಲಿಗೆ ಚಿಕ್ಕವ್ವನೇ ನಡೆಸಲಿ. ಅವಳಿಗೂ ಬರುತ್ತದೆ. ಕಿವಿಗೆ ಹುಬ್ಬಳ್ಳಿಯಲ್ಲಿ ಒಳ್ಳೆಯ ಡಾಕ್ಟರು ಇದ್ದಾರಂತೆ. ತೋರಿಸಿರಿ.

ನಿಮ್ಮ ವಿದ್ಯಾರ್ಥಿನಿ
ಸಾವಿತ್ರಿ


ಹಿರೇಕೆರೂರು
14 ನವೆಂಬರ್ 2023

ಸಾವಿತ್ರಿ,

ನೀನು ಬರೆದ ಕಾರಣಗಳನ್ನೆಲ್ಲ ಓದಿದೆ. ಒಂದನ್ನೂ ನಂಬಲಿಲ್ಲ. ಗಂಡ ಬೇಡ ಅನ್ನುತ್ತಾನೋ? ಅನ್ನುವುದಾದರೆ ಅವನಿಗೂ ಒಂದು ಕಾಗದ ಬರೆಯುತ್ತೇನೆ. ಇಲ್ಲ, ನಿನಗೇ ನಾಚಿಕೆಯೋ?

ಒಂದು ದಿನ ಹೆಡ್‌ಮಾಸ್ತರು ವರ್ಗಕ್ಕೆ ಬಂದು ಒಬ್ಬೊಬ್ಬರನ್ನೇ ಎಬ್ಬಿಸಿ ಜಾತಿ ಕೇಳಿ ಬರೆದುಕೊಳ್ಳುತ್ತಿದ್ದರು. ನಿನ್ನ ಸರದಿ ಬಂದಾಗ ನೀನು ತುಟಿಯಲ್ಲೇ ಏನೋ ಅಂದೆ. ಹುಡುಗರು ನಕ್ಕರು. ಆಗ ನಾನು ಏನಂದೆ, ನೆನಪಿದೆಯೇ? "ತಲಿ ಎತ್ತಿ ಹೇಳು ಸಾವಿತ್ರಿ. ನೀ ಏನು ಕಳವು ಮಾಡೀಯೇನು?" ನೀನು ತಲೆ ಎತ್ತಿ ಹೇಳಿದೆ, ಇಡೀ ವರ್ಗಕ್ಕೆ ಕೇಳುವಂತೆ. ನನ್ನ ಮೂವತ್ತಾರು ವರ್ಷದ ನೌಕರಿಯಲ್ಲಿ ಆ ದಿನದಷ್ಟು ನನಗೆ ಹೆಮ್ಮೆಯಾದ ದಿನ ಇನ್ನೊಂದಿಲ್ಲ.

ಆ ಸಾವಿತ್ರಿ ಎಲ್ಲಿ ಹೋದಳು? ಯೋಚಿಸಿ ಬರೆ.

ನೀಲಾಂಬಿಕಾ


ಅಕ್ಕಿಆಲೂರು
2 ಡಿಸೆಂಬರ್ 2023

ಅಕ್ಕೋರಿಗೆ ನಮಸ್ಕಾರಗಳು.

ಬರುತ್ತೇನೆ.

ಯಾಕೆ ಮನಸ್ಸು ಬದಲಾಯಿತೆಂದರೆ, ಕಳೆದ ವಾರ ರೊಟ್ಟಿ ಬಡಿಯುವಾಗ ಅಂಕಿತಾ ಓದುವುದನ್ನು ಬಿಟ್ಟು ನನ್ನನ್ನೇ ನೋಡುತ್ತಾ ಕುಳಿತಳು. "ಯವ್ವಾ, ಅದೇನು ಬಾರಸಾಕತ್ತೀ?" ಎಂದು ಕೇಳಿದಳು. ಹಿಟ್ಟು ನಾದಿ ರೊಟ್ಟಿ ಬಡಿಯುವ ಮರದ ಕೊಣಮಿಗೆಯ ಮೇಲೆ ನನ್ನ ಕೈ ಅಪ್ಪನ ಬಡಿತವನ್ನೇ ಬಡಿಯುತ್ತಿತ್ತು. ನನಗೇ ಅರಿವಿರಲಿಲ್ಲ. ಅಪ್ಪ ಸತ್ತವರ ಮುಂದೆ ಹಲಗೆ ಬಾರಿಸಿಕೊಂಡು ಹೋಗುತ್ತಿದ್ದ. ಸುಡುಗಾಡಿನ ದಾರಿಗೊಂದು ಬಡಿತ, ತಿರುಗಿ ಬರುವ ದಾರಿಗೆ ಇನ್ನೊಂದು. ತಿರುಗಿ ಬರುವ ದಾರಿಯದನ್ನು ಅವನು ನನಗಲ್ಲದೆ ಬೇರೆ ಯಾರಿಗೂ ಕಲಿಸಲಿಲ್ಲ. ನನ್ನೊಂದಿಗೆ ಅದು ಹೋಗಬಾರದು ಅನಿಸಿತು.

ಆದರೆ ನನ್ನದು ಒಂದು ಮಾತಿದೆ. ಕರಪತ್ರದಲ್ಲಾಗಲಿ ಬ್ಯಾನರಿನಲ್ಲಾಗಲಿ ನನ್ನ ಹೆಸರು ಹಾಕಬಾರದು. ಫೋಟೋ ಹಾಕಬಾರದು. ಅಕ್ಕಿಆಲೂರು ಎಂದು ಎಲ್ಲಿಯೂ ಬರೆಯಬಾರದು. ಹಲಗೆ ಮೇಳ ಎಂದಷ್ಟೇ ಇರಲಿ. ಯಾಕೆಂದು ಕೇಳಬೇಡಿರಿ. ಕೈ ಮುಗಿಯುತ್ತೇನೆ.

ಸಾವಿತ್ರಿ


ಅಕ್ಕಿಆಲೂರು
9 ಜನವರಿ 2024

ಅಕ್ಕೋರ,

ಮನೆಗೆ ಬಂದು ಎರಡು ದಿನವಾಯಿತು. ನಿಮಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶಿಗ್ಗಾವಿಯಲ್ಲಿ ಪರದೆಯ ಹಿಂದೆ ಹುಲ್ಲು ಉರಿಸಿ ಹಲಗೆ ಕಾಯಿಸುವಾಗ ಖಾದರಸಾಬರು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತರು. "ನಿಮ್ಮ ತಂದಿಯವರು ಸವಣೂರಿಗೆ ಬಂದಾಗ ನಮ್ಮ ಪದಕ್ಕ ಅವರದ ಹಲಗಿ ಇರ್ತಿತ್ರಿ. ಅವರ ಮಗಳೇನ್ರಿ ನೀವು?" ಎಂದರು. ನನಗೆ ಅಪ್ಪ ಸವಣೂರಿಗೆ ಹೋಗುತ್ತಿದ್ದದ್ದೇ ಗೊತ್ತಿರಲಿಲ್ಲ. ಅಪ್ಪನಿಗೆ ಒಬ್ಬರು 'ಅವರು' ಎಂದು ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದು ಅದೇ ಮೊದಲು.

ವೇದಿಕೆ ಏರಿದಾಗ ಮುಂದಿನ ಮಂದಿ ಕಾಣಲಿಲ್ಲ. ದೀಪವಷ್ಟೇ ಕಂಡಿತು. ಮೊದಲ ಪೆಟ್ಟು ತಪ್ಪಿತು. ಚಿಕ್ಕವ್ವ ಓರೆಗಣ್ಣಿನಿಂದ ನೋಡಿದಳು. ಆಮೇಲೆ ಏನಾಯಿತೋ ತಿಳಿಯದು. ಸುಡುಗಾಡಿನಿಂದ ತಿರುಗಿ ಬರುವ ಬಡಿತ ಶುರು ಮಾಡಿದಾಗ ನಾನು ಅಪ್ಪನ ಹಿಂದೆ ಓಡುತ್ತಿದ್ದ ಹುಡುಗಿಯಾಗಿದ್ದೆ. ನಿಲ್ಲಿಸಿದ ಮೇಲೆ ಮಂದಿ ಎದ್ದು ನಿಂತಿದ್ದರು. ಅಕ್ಕೋರ, ನಮ್ಮ ಹಲಗೆಗೆ ಮಂದಿ ಎದ್ದು ನಿಲ್ಲುತ್ತಾರೆಯೇ?

ಇಲ್ಲಿ ಯಾರಿಗೂ ಹೇಳಿಲ್ಲ. ತವರೂರಿನಲ್ಲಿ ಕಾರ್ಯವಿತ್ತು ಎಂದು ಮನೆ ಒಡತಿ ಹಾಲವ್ವನಿಗೆ ಹೇಳಿ ಬಂದಿದ್ದೆ. ನನ್ನ ಮಾತು ನಡೆಸಿ ಹೆಸರು ಹಾಕದೆ ಇದ್ದದ್ದಕ್ಕೆ ನಿಮ್ಮ ಕಾಲಿಗೆ ಬೀಳುತ್ತೇನೆ.

ಸಾವಿತ್ರಿ


ಹಿರೇಕೆರೂರು
27 ಜನವರಿ 2024

ನನ್ನ ಹೆಮ್ಮೆಯ ಸಾವಿತ್ರಿ,

ನಿನ್ನ ಕಾಗದ ಓದಿ ಅತ್ತೆ. ಹಲಗೆ ಮಾತ್ರ ನನಗೆ ಕೇಳಿಸಿತು ಮಗಳೇ. ಕಿವಿಯಿಂದಲ್ಲ, ಕುರ್ಚಿಯಿಂದ ಬೆನ್ನಿಗೆ ಬಂತು.

ಇನ್ನೊಂದು ಸಂತೋಷದ ಸುದ್ದಿ. ಶಿಗ್ಗಾವಿಯಲ್ಲಿ ಬಂದ ಮಂದಿಯನ್ನು ನೋಡಿ ಹಾನಗಲ್ಲಿನವರೂ ಉತ್ಸವ ಬೇಕೆಂದರು. ಫೆಬ್ರುವರಿ 11, ರವಿವಾರ. ನಿನ್ನ ಊರಿಗೆ ಹತ್ತಿರವೇ. ನಮ್ಮ ಸಮಿತಿಯ ದಾದಾಪೀರ ಶಿಗ್ಗಾವಿಯಲ್ಲಿ ನಿನ್ನದೊಂದು ಫೋಟೋ ತೆಗೆದಿದ್ದಾನೆ. ಕೈ ಮೇಲೆತ್ತಿದ್ದೀ, ಕಣ್ಣು ಮುಚ್ಚಿದ್ದೀ, ಮುಖ ಬೆಳಗಿದೆ. ಸಮಿತಿಯವರು ಅದನ್ನೇ ಫ್ಲೆಕ್ಸಿಗೆ ಹಾಕಿಸಿದ್ದಾರೆ. ಹಾನಗಲ್ಲಿನಲ್ಲಿ, ಅಕ್ಕಿಆಲೂರಿನಲ್ಲಿ, ಎಲ್ಲ ಬಸ್‌ಸ್ಟ್ಯಾಂಡುಗಳಲ್ಲಿ ಕಟ್ಟಿಸುತ್ತಾರಂತೆ. ಕೆಳಗೆ ದೊಡ್ಡದಾಗಿ: "ದಲಿತ ಹಲಗೆಯ ಹೆಮ್ಮೆ, ಸಾವಿತ್ರಿ ಮಲ್ಲೇಶಪ್ಪ, ಅಕ್ಕಿಆಲೂರು."

ನೀನು ಬೇಡವೆಂದಿದ್ದೆ, ಗೊತ್ತು. ಸಿಟ್ಟಾಗಬೇಡ. ಕಾಣದೆ ಉಳಿದವರು ಕಾಣಬೇಕೆಂದೇ ಅಲ್ಲವೇ ಈ ಉತ್ಸವ? ಮೊದಲ ಸಲ ನಾಚಿಕೆಯಾಗುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ.

ಹತ್ತನೆಯ ತಾರೀಖಿಗೆ ಬಂದುಬಿಡು.

ನೀಲಾಂಬಿಕಾ


ಹಿರೇಕೆರೂರು
14 ಫೆಬ್ರುವರಿ 2024

ಸಾವಿತ್ರಿ,

ಹಾನಗಲ್ಲಿನಲ್ಲಿ ಕಡೆಯ ಗಳಿಗೆಯವರೆಗೂ ದಾರಿ ನೋಡಿದೆವು. ಮಂದಿ ನಿನ್ನ ಹೆಸರನ್ನೇ ಕೇಳುತ್ತಿದ್ದರು. ಕೆಂಚವ್ವ ಹೇಗೋ ನಡೆಸಿದಳು, ಆದರೆ ಅವಳ ಮುಖದಲ್ಲಿ ಕಳೆ ಇರಲಿಲ್ಲ. ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಬರೆದುಕೊಡು ಅಂದರೆ ಅವಳಿಗೆ ಬರೆಯಲು ಬಾರದು.

ಮೈಯಲ್ಲಿ ಹುಷಾರಿಲ್ಲವೇ? ಒಂದು ಸಾಲು ಬರೆ.

ನೀಲಾಂಬಿಕಾ


ಅಕ್ಕಿಆಲೂರು
3 ಮಾರ್ಚ್ 2024

ಅಕ್ಕೋರಿಗೆ ನಮಸ್ಕಾರ.

ಜ್ವರ ಬಂದಿತ್ತು. ಈಗ ಪರವಾಗಿಲ್ಲ. ಉತ್ಸವ ಚೆನ್ನಾಗಿ ಆಯಿತೆಂದು ಚಿಕ್ಕವ್ವ ಹೇಳಿಕಳಿಸಿದ್ದಳು. ಸಂತೋಷ.

ಸಾವಿತ್ರಿ


ಹಿರೇಕೆರೂರು
12 ಮಾರ್ಚ್ 2024

ಪ್ರೀತಿಯ ಸಾವಿತ್ರಿ,

ಜ್ವರ ಬಿಟ್ಟಿತಲ್ಲ, ಸಮಾಧಾನ. ಈಗ ಕೇಳು. ನಮ್ಮ ಉತ್ಸವದ ಸುದ್ದಿ ತಿಳಿದು ಒಬ್ಬರು ನಿನ್ನ ಮೇಲೆ ಒಂದು ಸಣ್ಣ ಚಿತ್ರ ಮಾಡಬೇಕೆಂದು ಬಂದಿದ್ದಾರೆ. ನಿನ್ನ ಮನೆ, ಒಲೆ, ನೀನು ರೊಟ್ಟಿ ಬಡಿಯುವುದು, ಅದೇ ಕೈಯಿಂದ ಹಲಗೆ ಬಾರಿಸುವುದು, ಓಣಿಯ ಮಂದಿಯ ನಾಲ್ಕು ಮಾತು, ಇಷ್ಟು ಬೇಕಂತೆ. ಕೊಣಮಿಗೆಯ ಮಾತನ್ನು ನಾನೇ ಅವರಿಗೆ ಹೇಳಿದೆ. ಬಹಳ ಖುಷಿಪಟ್ಟರು.

ಮುಂದಿನ ತಿಂಗಳು ಕರೆದುಕೊಂಡು ಬರಲೇ? ನಿಮ್ಮ ಮನೆ ಒಡತಿಗೆ ಮೊದಲೇ ಹೇಳಿಡು.

ನೀಲಾಂಬಿಕಾ


ಅಕ್ಕಿಆಲೂರು
21 ಏಪ್ರಿಲ್ 2024

ಅಕ್ಕೋರ,

ಅವರನ್ನು ಕರೆದುಕೊಂಡು ಬರಬೇಡಿರಿ. ಜ್ವರ ಬಂದಿತ್ತೆಂದು ನಿಮಗೆ ಸುಳ್ಳು ಬರೆದಿದ್ದೆ. ಇನ್ನು ಮುಚ್ಚಿಡುವುದಿಲ್ಲ.

ಹದಿನಾಲ್ಕು ವರ್ಷದ ಹಿಂದೆ ನಾವು ಈ ಊರಿಗೆ ಬಂದಾಗ ಆರು ಮನೆ ಕೇಳಿದೆವು. ಆರೂ ಕಡೆ "ಯಾವ ಪೈಕಿ?" ಎಂದು ಕೇಳಿದರು. ನೀವು ಕಲಿಸಿದಂತೆ ತಲೆ ಎತ್ತಿಯೇ ಹೇಳಿದೆ. ಆರೂ ಕಡೆ ಮನೆ ಖಾಲಿ ಇರಲಿಲ್ಲ. ಏಳನೆಯದು ಹಾಲವ್ವನ ಮನೆ. ಅವಳು ಇವರ ಹೆಸರಷ್ಟೇ ಕೇಳಿದಳು. ಮಲ್ಲೇಶಪ್ಪ ಅಂದೆವು. ಹಣೆಯ ಮೇಲಿನ ವಿಭೂತಿ ನೋಡಿದಳು. ಕೀಲಿ ಕೊಟ್ಟಳು. ನಾವು ಸುಳ್ಳು ಹೇಳಲಿಲ್ಲ ಅಕ್ಕೋರ, ಅವಳು ತಿಳಿದುಕೊಂಡದ್ದನ್ನು ತಿದ್ದಲಿಲ್ಲ. ಅಂಕಿತಾಳಿಗೆ ಬುದ್ಧಿ ಬಂದ ದಿನದಿಂದ ಯಾರಿಗೂ ಹೇಳಬೇಡ ಎಂದು ಕಲಿಸಿದೆ. ನಿಮಗೆ ಇದನ್ನು ಬರೆಯಲು ನಾಚಿಕೆಯಾಗಿತ್ತು. ನಿಮ್ಮ ಮುಂದೆ ಮಾತ್ರ ನಾನು ಆ ದಿನದ ಸಾವಿತ್ರಿಯಾಗಿಯೇ ಇರಬೇಕೆಂಬ ಆಸೆ ಇತ್ತು.

ನಿಮ್ಮ ಕಾಗದ ಬರುವ ಎರಡು ದಿನ ಮೊದಲೇ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಬೆಳಿಗ್ಗೆ ಅಂಕಿತಾ ಮತ್ತು ಅವಳ ಗೆಳತಿ ತನುಜಾ ಹಾನಗಲ್ಲಿನ ಬಸ್ಸಿಗೆ ನಿಂತಿದ್ದರು. ತನುಜಾ ಮೇಲೆ ನೋಡಿ, "ಏ, ಇದು ನಿಮ್ಮವ್ವ ಅಲ್ಲೇನ?" ಅಂದಳು. ನನ್ನ ಮಗಳು, "ಅಲ್ಲ. ನಮ್ಮವ್ವಗ ಹಲಗಿ ಬಾರಸಾಕ ಬರೂದಿಲ್ಲ" ಅಂದಳು. ಕೆಳಗೆ ನನ್ನ ಹೆಸರು, ಅವಳ ಅಪ್ಪನ ಹೆಸರು, ಊರ ಹೆಸರು ಎಲ್ಲ ಇದ್ದವು. ತನುಜಾ ಓದಿದಳು. ಬಸ್ಸಿನಲ್ಲಿ ಬೇರೆ ಸೀಟಿಗೆ ಹೋಗಿ ಕುಳಿತಳಂತೆ. ಈ ಹುಡುಗಿ ಮೂರು ವರ್ಷ ನಮ್ಮ ಮನೆಯ ರೊಟ್ಟಿ ತಿಂದವಳು.

ಅಂಕಿತಾ ಮಧ್ಯಾಹ್ನವೇ ತಿರುಗಿ ಬಂದಳು. "ಯಾರಿಗೂ ಹೇಳಬ್ಯಾಡ ಅಂತ ನೀನ ಹೇಳಿದ್ದಿ. ನಾ ಹೇಳಲಿಲ್ಲ. ನೀನ ಹೋಗಿ ಸ್ಟೇಜಿನ ಮ್ಯಾಲೆ ನಿಂತಿ," ಅಂದಳು. ಆಮೇಲೆ, "ಯವ್ವಾ, ನಾ ನಿನ್ನ ನಮ್ಮವ್ವ ಅಲ್ಲ ಅಂದೆ," ಎಂದು ನನ್ನನ್ನು ಅಪ್ಪಿಕೊಂಡು ಅತ್ತಳು.

ಯಾರೂ ಬೈಯಲಿಲ್ಲ ಅಕ್ಕೋರ. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಖಾನಾವಳಿಯ ಶಿದ್ಲಿಂಗಪ್ಪ, "ಸದ್ಯಕ್ಕ ರೊಟ್ಟಿ ಬ್ಯಾಡ ತಂಗಿ, ಗಿರಾಕಿ ಕಡಿಮಿ ಆಗ್ಯಾರ" ಅಂದ. ಅವನ ಹಿಂದೆ ಕೂಡಲು ಜಾಗವಿರದಷ್ಟು ಮಂದಿ ಉಣ್ಣುತ್ತಿದ್ದರು. ನನ್ನ ಜೊತೆ ರೊಟ್ಟಿ ಬಡಿಯಲು ಬರುತ್ತಿದ್ದ ಇಬ್ಬರಿಗೂ ಒಂದೇ ದಿನ ಕೈ ನೋವು ಬಂತು. ಒಂದು ಮದುವೆ ಮನೆಗೆ ಮಾಡಿ ಕಟ್ಟಿಟ್ಟಿದ್ದ ರೊಟ್ಟಿ ಒಯ್ಯಲು ಯಾರೂ ಬರಲಿಲ್ಲ. ಕಡೆಗೆ ಹಾಲವ್ವನ ದನಕ್ಕಾದರೂ ಆಗಲಿ ಎಂದು ಬುಟ್ಟಿ ಒಯ್ದೆ. "ಬ್ಯಾಡ ಬಿಡು ಸಾವಕ್ಕ, ದನದ ಹೊಟ್ಟಿ ಕೆಟ್ಟೀತು" ಅಂದಳು. ಗಿರಣಿಯಲ್ಲಿ ಹಮಾಲರೆಲ್ಲ ಒಂದೇ ಕೊಡದ ನೀರು ಕುಡಿಯುತ್ತಿದ್ದರು. ಈಗ ಇವರು ಮನೆಯಿಂದ ಬಾಟಲಿ ಒಯ್ಯುತ್ತಾರೆ. ಯಾರು ಏನಂದರು ಎಂದು ನಾನು ಕೇಳಿಲ್ಲ, ಇವರು ಹೇಳಿಲ್ಲ.

ಯುಗಾದಿಯ ಮರುದಿನ ಹಾಲವ್ವ ಬಂದಳು. ಮಗನ ಮದುವೆ ಇದೆ, ಶ್ರಾವಣದೊಳಗೆ ಮನೆ ಬೇಕು ಎಂದಳು. ಬಾಗಿಲ ಹೊರಗೇ ನಿಂತಿದ್ದಳು. ಹೋಗುವಾಗ, "ನೀ ಮೊದಲ ಹೇಳಿದ್ರ ನಾ ಬ್ಯಾಡ ಅಂತಿದ್ನೇನು?" ಎಂದಳು. ನನಗೆ ಆ ಆರು ಮನೆ ನೆನಪಾದವು.

ನಿಮ್ಮ ತಪ್ಪು ಎಂದು ನಾನು ಅನ್ನುವುದಿಲ್ಲ. ಹೆಸರು ಹಾಕಿಸಿದವರು ಸಮಿತಿಯವರು. ಅವರಿಗೆ ನಾನು ಯಾರೆಂದು ಗೊತ್ತಿಲ್ಲ.

ಸಾವಿತ್ರಿ


ಹಿರೇಕೆರೂರು
14 ಮೇ 2024

ಸಾವಿತ್ರಿ ಮಗಳೇ,

ಮೊನ್ನೆ ನಾನು ಹೇಳದೆ ಕೇಳದೆ ಬಂದದ್ದಕ್ಕೆ ನೀನು ಗಾಬರಿಯಾದೆ. ನಿನ್ನ ಕಾಗದ ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ಬರೆಯುತ್ತಾ ಕೂಡುವ ಹೊತ್ತಲ್ಲ ಎನಿಸಿ ದಾದಾಪೀರನನ್ನು ಕರೆದುಕೊಂಡು ಬಂದುಬಿಟ್ಟೆ.

ಈಗ ಮನಸ್ಸು ಹಗುರಾಗಿದೆ. ನಿನ್ನ ಕಟ್ಟೆಯ ಮೇಲೆ ಎಲ್ಲರ ಕಣ್ಣೆದುರು ಕುಳಿತು ನಿನ್ನ ಕೈಯ ರೊಟ್ಟಿ ಉಂಡೆನಲ್ಲ, ಅದು ಭಾಷಣಕ್ಕಿಂತ ದೊಡ್ಡದು. "ನಾ ಲಿಂಗಾಯತರಾಕಿ, ಇಕಿ ಮಾಡಿದ ರೊಟ್ಟಿ ಉಣ್ಣಾಕತ್ತೇನಿ, ಎಲ್ಲಾರೂ ನೋಡ್ರಿ" ಎಂದಾಗ ಓಣಿಯ ಮಂದಿಯೆಲ್ಲ ಹೊರಗೆ ಬಂದರು. ಯಾರೂ ಎದುರು ಮಾತಾಡಲಿಲ್ಲ. ಹಾಲವ್ವನಿಗೂ ತಿಳಿಹೇಳಿದೆ. ಅವಳು ಮೆಲ್ಲಗೆ ಏನೋ ಹೇಳಿ ತಲೆಯಾಡಿಸಿದಳು. ಮನಸ್ಸು ಕರಗಿರಬೇಕು. ದಾದಾಪೀರ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದಿದ್ದಾನೆ.

ಮಂದಿ ಕೆಟ್ಟವರಲ್ಲ ಸಾವಿತ್ರಿ. ಯಾರಾದರೂ ಮೊದಲು ಮುಂದೆ ಬರಬೇಕು, ಅಷ್ಟೆ. ಇನ್ನು ನೋಡು, ಎಲ್ಲ ಸರಿಹೋಗುತ್ತದೆ.

ನೀಲಾಂಬಿಕಾ


ಅಕ್ಕಿಆಲೂರು
27 ಮೇ 2024

ಅಕ್ಕೋರಿಗೆ ನಮಸ್ಕಾರ.

ನೀವು ಆ ಬಿಸಿಲಲ್ಲಿ ಎರಡು ಬಸ್ಸು ಬದಲಿಸಿ ಬಂದಿರಿ. ನನಗಾಗಿ ಯಾರೂ ಅಷ್ಟು ದೂರ ಬಂದಿಲ್ಲ. ಅದನ್ನು ಮರೆಯುವುದಿಲ್ಲ.

ಆದರೆ ಹಾಲವ್ವ ತಲೆಯಾಡಿಸುತ್ತಾ ಹೇಳಿದ್ದು ನಿಮಗೆ ಕೇಳಿಸಲಿಲ್ಲ. "ನನ್ನ ಮನಿ ಮುಂದ ಇನ್ನೊಮ್ಮಿ ಮಂದಿ ಕೂಡಿತಂದ್ರ ನಿನ್ನ ಸಾಮಾನು ನಾನ ಹೊರಗ ಇಡ್ತೇನಿ" ಎಂದಳು. ನಿಮ್ಮ ಮುಂದೆ ನಿಂತೇ ಹೇಳಿದಳು. ನೀವು ನಕ್ಕಿರಿ. ನಾನು ನಿಮಗೆ ನೀರು ತಂದುಕೊಟ್ಟೆ.

ಹಿಂದಿನ ಓಣಿಯ ನಾಲ್ಕು ಮನೆಯವರು ಫ್ಲೆಕ್ಸ್ ನೋಡಿರಲಿಲ್ಲವೋ, ನೋಡಿಯೂ ಸುಮ್ಮನಿದ್ದರೋ, ಅಲ್ಲಿಯತನಕ ರೊಟ್ಟಿ ಒಯ್ಯುತ್ತಿದ್ದರು. ನೀವು ಕೂಗಿ ಹೇಳಿದ ಮೇಲೆ ಅವರೂ ಬಿಟ್ಟರು. ದಾದಾಪೀರ ಹಿಡಿದದ್ದು ಎಲ್ಲರ ಮೊಬೈಲಿಗೂ ಬಂದಿದೆ. ಅಂಕಿತಾ ಪರೀಕ್ಷೆಯೇನೋ ಬರೆದಿದ್ದಳು. ಆದರೆ ಇನ್ನು ಆ ಕಾಲೇಜಿಗೆ ಹೋಗುವುದಿಲ್ಲ ಎನ್ನುತ್ತಾಳೆ. ಹಾಲವ್ವ ಶ್ರಾವಣದವರೆಗೆ ಕಾಯುವುದಿಲ್ಲ, ಜೂನ್ ಮುಗಿಯುವುದರೊಳಗೆ ಬಿಡಬೇಕು ಎಂದಿದ್ದಾಳೆ.

ಹಾನಗಲ್ಲಿನಲ್ಲೂ ಮನೆ ಕೇಳಿದೆವು. ಈಗ ಹೆಸರು ಹೇಳುವುದೇ ಬೇಕಿಲ್ಲ, ನನ್ನ ಮುಖ ನೋಡಿದರೆ ಸಾಕು. "ಹಲಗಿಯಾಕಿ ಅಲ್ಲೇನ್ರಿ ನೀವು? ಭಾಳ ಛಲೋ ಬಾರಿಸಿದ್ರಿ" ಎನ್ನುತ್ತಾರೆ. ಆಮೇಲೆ ಮನೆ ಖಾಲಿ ಇಲ್ಲ ಎನ್ನುತ್ತಾರೆ.

ಒಂದು ಕೇಳುತ್ತೇನೆ. ನಿಮ್ಮ ಹಿತ್ತಲಲ್ಲಿ ಎರಡು ಖೋಲಿ ಖಾಲಿ ಇವೆಯಂತೆ, ಚಿಕ್ಕವ್ವ ಹೇಳಿದಳು. ಅಲ್ಲಿದ್ದ ಬ್ಯಾಂಕಿನವರು ವರ್ಗವಾಗಿ ಹೋದರಂತೆ. ನಮಗೆ ಕೊಡುತ್ತೀರಾ? ಬಾಡಿಗೆ ತಪ್ಪಿಸುವುದಿಲ್ಲ. ಅಂಕಿತಾಳನ್ನು ಹಿರೇಕೆರೂರಿನ ಕಾಲೇಜಿಗೆ ಹಾಕುತ್ತೇನೆ. ನೀವು ಹತ್ತಿರವಿದ್ದರೆ ಅವಳು ಓದಿಯಾಳು. ನಿಮ್ಮ ಮನೆಯಲ್ಲಿ ನಾವು ಏನನ್ನೂ ಮುಚ್ಚಿಡಬೇಕಾಗಿಲ್ಲ ಎಂಬುದೊಂದೇ ನನಗೆ ಧೈರ್ಯ.

ಬೇಗ ಬರೆಯಿರಿ. ಜೂನ್ ಮುಗಿಯಲು ಬಹಳ ದಿನವಿಲ್ಲ.

ಸಾವಿತ್ರಿ


ಹಿರೇಕೆರೂರು
2 ಆಗಸ್ಟ್ 2024

ಸಾವಿತ್ರಿ,

ಈ ಕಾಗದ ಎಲ್ಲಿಗೆ ಕಳಿಸಬೇಕೆಂದು ಗೊತ್ತಿಲ್ಲ. ಕೆಂಚವ್ವನ ಕೈಯಲ್ಲಿ ಕೊಡುತ್ತೇನೆ. ಅಕ್ಕಿಆಲೂರಿನ ಮನೆಗೆ ಕೀಲಿ ಬಿದ್ದಿದೆ, ನೀವು ಎಲ್ಲಿ ಹೋದಿರಿ ಎಂದು ತನಗೂ ಹೇಳಿಲ್ಲ ಎನ್ನುತ್ತಾಳೆ. ನಿಜವೋ, ನನ್ನಿಂದ ಮುಚ್ಚಿಡುತ್ತಾಳೋ. ಈಗ ಅವಳು ನನ್ನ ಮುಖ ನೋಡಿ ಮಾತಾಡುವುದಿಲ್ಲ.

ಎರಡು ತಿಂಗಳು ಯಾಕೆ ಬರೆಯಲಿಲ್ಲ ಎಂದು ಹೇಳಬೇಕು.

ನಿನ್ನ ಕಾಗದ ಬಂದ ದಿನವೇ ತಮ್ಮ ಪರಮೇಶ್ವರಪ್ಪನ ಮುಂದೆ ಇಟ್ಟೆ. ಅವನು ಓದಿ ಮಡಚಿದ. ಸಿಟ್ಟಾಗಲಿಲ್ಲ. ಪಾಟಿಯ ಮೇಲೆ ಬರೆದು ತೋರಿಸಿದ, ನನ್ನ ಜೊತೆ ಅವನು ಹಾಗೆಯೇ ಮಾತಾಡುವುದು: "ಅಕ್ಕಾ, ನೀ ಹೊರಗ ಏನರ ಮಾಡು, ನಾ ಎಂದೂ ಬ್ಯಾಡ ಅಂದಿಲ್ಲ. ಮನಿಯೊಳಗ ಬ್ಯಾಡ." ಅವನ ಹೆಂಡತಿ ಒಳಗಿನಿಂದ ಬಂದು ನನ್ನ ಮುಂದೆ ತಾಟು ಇಟ್ಟಳು. ನನಗೆ ಎರಡು ಹೊತ್ತು ಬೇಯಿಸಿ ಹಾಕುವವಳು ಅವಳು. ಕಣ್ಣಿಗೆ ಔಷಧಿ ಬಿಡುವವಳು ಅವಳು. ನಾನು ತಲೆ ತಗ್ಗಿಸಿ ಉಂಡೆ.

ಮನೆ ನನ್ನ ಹೆಸರಿನಲ್ಲಿದೆ, ಸಾವಿತ್ರಿ. ಪಗಾರದಲ್ಲಿ ಕಟ್ಟಿಸಿದ್ದು. ಆ ಮಾತನ್ನು ನಾನು ಅವನಿಗೆ ಹೇಳಲಿಲ್ಲ. ದಿನಾ ಹೇಳಬೇಕೆಂದು ಏಳುತ್ತಿದ್ದೆ. ಜೂನ್ ಮುಗಿಯಿತು. ಆಮೇಲೆ ಬರೆದು ಏನು ಪ್ರಯೋಜನ ಎಂದು ಜುಲೈ ಕಳೆದೆ. ಆ ಖೋಲಿಗಳಿಗೆ ಈಗ ಬೇರೆ ಬಾಡಿಗೆಯವರು ಬಂದಿದ್ದಾರೆ.

ಇನ್ನೊಂದು. ಫ್ಲೆಕ್ಸಿಗೆ ನಿನ್ನ ಹೆಸರು ಹಾಕಿಸಿದವರು ಸಮಿತಿಯವರಲ್ಲ. ದಾದಾಪೀರ ಫೋಟೋ ತಂದಾಗ, "ಆಕಿ ಬ್ಯಾಡ ಅಂದಾಳಲ್ರೀ" ಎಂದು ಚೀಟಿಯಲ್ಲಿ ಬರೆದು ಕೇಳಿದ. ನಾನೇ ಹಾಕಬೇಕೆಂದೆ. ಕೆಳಗಿನ ಸಾಲು ಬರೆದುಕೊಟ್ಟವಳೂ ನಾನೇ. ನಿನ್ನ ಒಳ್ಳೆಯದಕ್ಕೆ ಎಂದುಕೊಂಡಿದ್ದೆ. ಈಗ ಯೋಚಿಸಿದರೆ, ನನ್ನ ವಿದ್ಯಾರ್ಥಿನಿ ಎಂದು ಮಂದಿಗೆ ತೋರಿಸುವ ಆಸೆಯೇ ಹೆಚ್ಚಿತ್ತು.

ಸಮಿತಿ ಬಿಟ್ಟಿದ್ದೇನೆ. ಅದರಿಂದ ನಿನಗೆ ಏನೂ ಆಗುವುದಿಲ್ಲ, ಗೊತ್ತು.

ನೀಲಾಂಬಿಕಾ


17 ನವೆಂಬರ್ 2024

ಅಕ್ಕೋರಿಗೆ ಸಾವಿತ್ರಿಯ ನಮಸ್ಕಾರಗಳು.

ಚಿಕ್ಕವ್ವನ ಕೈಯಿಂದ ನಿಮ್ಮ ಕಾಗದ ಹೋದ ವಾರ ಬಂತು. ಇದನ್ನು ಸವಣೂರಿನ ಅಂಚೆ ಡಬ್ಬಿಗೆ ಹಾಕಿಸುತ್ತೇನೆ. ನಾವು ಇರುವುದು ಅಲ್ಲಿ ಅಲ್ಲ.

ಹೊಸ ಊರು. ಫ್ಲೆಕ್ಸ್ ಇಲ್ಲಿಯವರೆಗೆ ಬಂದಿಲ್ಲ. ಇವರು ಕೂಲಿಗೆ ಹೋಗುತ್ತಾರೆ, ನಾನೂ ಹೊಲಕ್ಕೆ ಹೋಗುತ್ತೇನೆ. ರೊಟ್ಟಿ ಮನೆಯ ಮಟ್ಟಿಗಷ್ಟೇ. ಅಂಕಿತಾ ಮನೆಯಲ್ಲೇ ಇದ್ದಾಳೆ. ಪುಸ್ತಕಗಳನ್ನು ಕಟ್ಟಿ ಗೋಡೆಯ ಮಾಡದಲ್ಲಿ ಇಟ್ಟಿದ್ದಾಳೆ. ಬಿಚ್ಚು ಎಂದು ನಾನು ಹೇಳುವುದಿಲ್ಲ.

ನೀವು ನಿಜ ಬರೆದಿರಿ. ಅದನ್ನು ಓದಿದ ದಿನ ನಿಮ್ಮ ಮೇಲೆ ಸಿಟ್ಟು ಬರಲಿ ಎಂದು ಕಾಯ್ದೆ. ಬರಲಿಲ್ಲ. ಹಾಲವ್ವನ ಮೇಲೂ ಬಂದಿರಲಿಲ್ಲ. ನನ್ನಲ್ಲಿ ಏನೋ ಸತ್ತಿದೆ ಅನಿಸುತ್ತದೆ.

ಬಂದ ಎರಡನೆಯ ದಿನ ಪಕ್ಕದ ಮನೆಯ ಅಜ್ಜಿ ಕಟ್ಟೆಗೆ ಬಂದು ಕುಳಿತು, "ಯಾವ ಪೈಕಿ ಅವ್ವಾ ನೀವು?" ಎಂದು ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ಅಂಕಿತಾ ಹೊರಗೆ ಬಂದಳು. ನಗುತ್ತಾ ಹೇಳಿದಳು. ಬೇರೆ ಜಾತಿ, ಬೇರೆ ಮನೆದೇವರು, ಬೇರೆ ತವರೂರು. ಒಂದು ಕಡೆಯೂ ತಡವರಿಸಲಿಲ್ಲ. ಎಷ್ಟು ದಿನ ಮನಸ್ಸಿನಲ್ಲೇ ಕಲಿತಿದ್ದಳೋ. ನಾನು ಹದಿನಾಲ್ಕು ವರ್ಷ ಸುಮ್ಮನಿದ್ದು ಬದುಕಿದವಳು. ನನ್ನ ಮಗಳು ಬಾಯಿಬಿಟ್ಟು ಹೇಳುತ್ತಿದ್ದಳು.

ಅಜ್ಜಿ ಮತ್ತೆ ಕೇಳಿದಳು, "ನಿಮ್ಮವ್ವನ ಅಪ್ಪ ಏನ್ ಮಾಡ್ತಿದ್ದ?"

"ನಮ್ಮ ಅಜ್ಜ ಸಾಲಿ ಮಾಸ್ತರ ಇದ್ರು. ಸಣ್ಣಾಗಿದ್ದಾಗ ನಮ್ಮವ್ವಗ ಅವರ ಓದಾಕ ಕಲಿಸಿದ್ದು," ಎಂದಳು ಅಂಕಿತಾ. ಹಾಗೆಂದು ನನ್ನ ಕಡೆ ತಿರುಗಿದಳು. "ಹೌದಲ್ಲ ಯವ್ವಾ?"

ಅಜ್ಜಿಯೂ ನನ್ನನ್ನೇ ನೋಡುತ್ತಿದ್ದಳು.

"ಹೌದ್ರಿ" ಎಂದೆ.

ಅಜ್ಜಿ ಮನೆಗೆ ಹೋಗಿ ಒಂದು ತಂಬಿಗೆ ಮಜ್ಜಿಗೆ ತಂದುಕೊಟ್ಟಳು. ನಾವು ಮೂವರೂ ಕುಡಿದೆವು.

ಅಕ್ಕೋರ, ಇದು ನನ್ನ ಕಡೆಯ ಕಾಗದ. ಮೇಲೆ ಊರ ಹೆಸರು ಬರೆದಿಲ್ಲ. ಚಿಕ್ಕವ್ವನನ್ನು ಕೇಳಬೇಡಿರಿ, ನನ್ನನ್ನು ಹುಡುಕಬೇಡಿರಿ. ಹುಡುಕಿ ಬಂದು ಬಾಗಿಲಲ್ಲಿ ನಿಂತರೆ, ಓಣಿಯ ಮಂದಿಯ ಮುಂದೆ ನಾನು ನಿಮ್ಮನ್ನು ಯಾರೆಂದು ಕೇಳುತ್ತೇನೆ. ಆಗ ನೀವು ಬಸ್ಸು ಹಿಡಿದು ತಿರುಗಿ ಹೋಗಬೇಕು.

ಸಾ.